ಸಂಜೆ ಆರರಿಂದ ಒಂಬತ್ತು: ಕುಡಿತ ಬಿಟ್ಟವರಿಗೆ ಊರಿನ ಕಲೆ ಏನು ಕೊಡಬಲ್ಲದು

ಆಸ್ಪತ್ರೆಯಿಂದಲೋ ಮದ್ಯವರ್ಜನ ಶಿಬಿರದಿಂದಲೋ ಕುಡಿತ ಬಿಟ್ಟು ಮನೆಗೆ ಮರಳಿದವರಿಗೆ ದಿನದ ಎಲ್ಲ ಹೊತ್ತೂ ಒಂದೇ ಸಮನಾಗಿ ಕಷ್ಟವಾಗುವುದಿಲ್ಲ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ಕಡೆಯ ಕಾಫಿ ತೋಟಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೆಲಸವೇ ಮನುಷ್ಯನನ್ನು ಹಿಡಿದುಕೊಂಡಿರುತ್ತದೆ. ಕೊಯ್ಲಿನ ಕಾಲದಲ್ಲಂತೂ ಹಣ್ಣು ಅಳೆದುಕೊಟ್ಟು ತೋಟದ ಕೂಲಿಕಾರರ ಸಾಲುಮನೆಯಾದ ಲೈನ್ ಮನೆ ಸೇರುವ ಹೊತ್ತಿಗೆ ಬೇರೆ ಯೋಚನೆಗೆ ಮೈಯಲ್ಲಿ ಶಕ್ತಿಯೇ ಉಳಿದಿರುವುದಿಲ್ಲ. ಆದರೆ ಕೈಕಾಲು ತೊಳೆದು ಕಾಫಿ ಕುಡಿದಾದ ಮೇಲೆ, ರಾತ್ರಿಯ ಊಟಕ್ಕೆ ಮುಂಚೆ, ಎರಡು ಮೂರು ಗಂಟೆಗಳ ಬಿಡುವು ಎದುರಾಗುತ್ತದೆ. ವರ್ಷಗಟ್ಟಲೆ ಆ ಹೊತ್ತಿನಲ್ಲಿ ಕಾಲುಗಳು ತಾವಾಗಿಯೇ ಹಿಡಿಯುತ್ತಿದ್ದ ದಾರಿ ವೈನ್ ಶಾಪಿನದು, ಗೆಳೆಯರು ಸಿಗುತ್ತಿದ್ದ ಜಾಗವೂ ಅದೇ. ಕುಡಿತದ ಜೊತೆಗೆ ಆ ಗೆಳೆತನವನ್ನೂ ಮಾತುಕತೆಯನ್ನೂ ಒಟ್ಟಿಗೇ ಬಿಟ್ಟುಬಂದವನನ್ನು ನಾವು ಮನೆಯ ಜಗಲಿಯಲ್ಲಿ ಒಬ್ಬನೇ ಕೂರಿಸಿ, ಗಟ್ಟಿ ಮನಸ್ಸು ಮಾಡು ಎಂದು ಹೇಳಿ ಸುಮ್ಮನಾಗುತ್ತೇವೆ.

ಕನ್ನಡ ಮೇಷ್ಟ್ರಾಗಿ ನಿವೃತ್ತನಾದ ನಾನು ಕೆಲವು ವರ್ಷಗಳಿಂದ ನಮ್ಮ ಹೋಬಳಿಯಲ್ಲಿ ಇಂಥವರಿಗಾಗಿ ನಡೆಯುವ ಹಾಡು ಮತ್ತು ನಾಟಕದ ತಾಲೀಮಿಗೆ ಜೊತೆಯಾಗಿದ್ದೇನೆ. ಅದಕ್ಕೆ ಹೆಸರಿಲ್ಲ, ಫಲಕವಿಲ್ಲ; ಸಮುದಾಯ ಭವನದ ಬೀಗದ ಕೈ, ಒಂದು ಹಾರ್ಮೋನಿಯಂ, ಒಂದು ಢೋಲಕ್, ಚಹಾ ಕಾಯಿಸುವ ಒಂದು ಪಾತ್ರೆ, ಇಷ್ಟೇ ಅದರ ಆಸ್ತಿ. ಅಲ್ಲಿ ನೋಡಿದ್ದನ್ನು, ಓದಿ ತಿಳಿದದ್ದನ್ನು ಸೇರಿಸಿ ಒಂದು ಮಾತು ಹೇಳಬೇಕೆನಿಸಿದೆ. ಕುಡಿತದಿಂದ ಹೊರಬರುವವರಿಗೆ ಕುಡಿತದ ಕೇಡನ್ನು ಕುರಿತ ನಾಟಕ ತೋರಿಸುವುದರಿಂದ ಆಗುವ ಪ್ರಯೋಜನ ಬಹಳ ಕಡಿಮೆ. ಯಾವುದಾದರೂ ಒಂದು ನಾಟಕದಲ್ಲಿ, ಮೇಳದಲ್ಲಿ, ಭಜನೆಯಲ್ಲಿ ಅವರಿಗೊಂದು ಜಾಗ ಕೊಟ್ಟು, ವಾರ ವಾರವೂ ಆ ಜಾಗಕ್ಕೆ ಅವರು ಬಂದು ಕೂರುವಂತೆ ಮಾಡಿದರೆ ಆಗುವ ಪ್ರಯೋಜನ ದೊಡ್ಡದು.

ಮೊದಲಿಗೆ ವೈದ್ಯರ ಮಾತು. ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರೆಗೇಡು ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣಿಸುವ, ಊರು ಕೇರಿ ಗುರುತು ಸಿಗದ ಸನ್ನಿಯ ಸ್ಥಿತಿ ಬರುತ್ತದೆ, ಅದು ಪ್ರಾಣಕ್ಕೂ ಅಪಾಯ. ಈ ಘಟ್ಟವನ್ನು ದಾಟಿಸಬೇಕಾದದ್ದು ಆಸ್ಪತ್ರೆ. ಭಜನೆಯಿಂದ ಆಗುವ ಕೆಲಸವಲ್ಲ. ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ, ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರು ಸಿಗುವ ಏರ್ಪಾಡಿದೆ, ಟೆಲಿ ಮನಸ್ ಸಹಾಯವಾಣಿ 14416ಕ್ಕೂ ವ್ಯಸನಮುಕ್ತಿಯ ಸಹಾಯವಾಣಿ 14446ಕ್ಕೂ ಕರೆ ಮಾಡಬಹುದು. ಮನೆಯವರು ಗೊತ್ತಾಗದಂತೆ ಸಾರಿನಲ್ಲಿ ಕುಡಿತ ಬಿಡಿಸುವ ಮಾತ್ರೆ ಬೆರೆಸುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಅದರ ಮೇಲೆ ಕುಡಿದರೆ ಪ್ರಾಣಕ್ಕೇ ಸಂಚಕಾರ ಬರಬಹುದಾದ್ದರಿಂದ ದಯವಿಟ್ಟು ಯಾರೂ ಹಾಗೆ ಮಾಡಬಾರದು.

ಆದರೆ ಆಸ್ಪತ್ರೆಯ ಬಾಗಿಲಿನವರೆಗೆ ಹೋಗುವವರೇ ವಿರಳ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಅದರಿಂದ ತೊಂದರೆಗೊಳಗಾಗಿ ನೆರವು ಬೇಕಾದವರು 5.7 ಕೋಟಿ, ಮದ್ಯಕ್ಕೆ ಪೂರ್ತಿ ದಾಸರಾದವರಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವರು 38ಕ್ಕೆ ಒಬ್ಬರು. ಆಸ್ಪತ್ರೆಯ ಬೋರ್ಡ್ ನೋಡಿ ಹಿಂದಕ್ಕೆ ಹೆಜ್ಜೆ ಇಡುವವನು ಹಾರ್ಮೋನಿಯಂ ಸದ್ದು ಕೇಳಿ ಭವನದ ಕಿಟಕಿಯ ಹತ್ತಿರ ನಿಲ್ಲುತ್ತಾನೆ. ಅಲ್ಲಿಂದ ಒಳಗೆ ಬಂದು ಕೂತು, ಪರಿಚಯ ಬೆಳೆದು, ಕೊನೆಗೆ ಪಕ್ಕದಲ್ಲಿ ಕೂತವನ ಜೊತೆಗೇ ಆಸ್ಪತ್ರೆಗೆ ಹೋದವರನ್ನು ನಾನು ಬಲ್ಲೆ.

ಕಲೆಯಿಂದ ಏನಾಗುತ್ತದೆ ಎಂಬುದಕ್ಕೆ ಆಧಾರವಿದೆಯೇ ಎಂದು ನಮ್ಮ ತಾಲ್ಲೂಕಿನ ವೈದ್ಯರೊಬ್ಬರು ಕೇಳಿದ್ದರು, ಕೇಳಬೇಕಾದ ಪ್ರಶ್ನೆಯೇ ಅದು. ಚಿಕಿತ್ಸೆಗಳ ಪರಿಣಾಮವನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯು ವ್ಯಸನಿಗಳಿಗೆ ಸಂಗೀತ ಚಿಕಿತ್ಸೆ ಕೊಟ್ಟ 21 ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ಒಂದು ಪರಾಮರ್ಶೆ ಪ್ರಕಟಿಸಿತು. ಮಾಮೂಲು ಚಿಕಿತ್ಸೆಯ ಜೊತೆಗೆ ಸಂಗೀತವೂ ಸೇರಿದಾಗ ವ್ಯಸನದ ತುಡಿತ ತಗ್ಗುತ್ತದೆ, ಬದಲಾಗಬೇಕೆಂಬ ಮನಸ್ಸು ಬಲವಾಗುತ್ತದೆ ಎಂದು ಅದರಿಂದ ಕಂಡುಬಂತು. ಖಿನ್ನತೆ ಮತ್ತು ಆತಂಕ ಇಳಿಯುತ್ತವೆ ಎನ್ನುವುದಕ್ಕೆ ಮಾತ್ರ ಸ್ಪಷ್ಟ ಆಧಾರ ಸಿಗಲಿಲ್ಲ. ಅವು ತರಬೇತಿ ಪಡೆದ ಚಿಕಿತ್ಸಕರು ನಡೆಸಿದ ಪ್ರಯೋಗಗಳು. ನಮ್ಮ ಢೋಲಕ್ ಅದಕ್ಕೆ ಸಮವೆಂದು ನಾನು ಹೇಳುವುದಿಲ್ಲ, ಆದರೆ ತುಡಿತ ಎಂಬುದು ಏರಿ ಇಳಿಯುವ ಸಂಗತಿ, ಅದು ಏರಿದ ಹೊತ್ತನ್ನು ಹೇಗಾದರೂ ದಾಟಿಸಿದರೆ ಸಾಕು ಎಂಬುದನ್ನು ವ್ಯಸನದ ಚಿಕಿತ್ಸೆ ಮಾಡುವವರೆಲ್ಲ ಹೇಳುತ್ತಾರೆ. ಕಂದಪದ್ಯದ ಒಂದು ಸಾಲನ್ನು ಶ್ರುತಿಗೆ ಕೂರಿಸಲು ಹಾರ್ಮೋನಿಯಂ ಮೇಷ್ಟ್ರು ಹತ್ತು ಸಲ ಹೇಳಿಸುತ್ತಿರುವಾಗ ಗಡಿಯಾರ ಏಳರಿಂದ ಎಂಟಕ್ಕೆ ಹೋಗಿರುತ್ತದೆ.

ಹಾಸನದ ಕಡೆಯವರಿಗೆ ಪೌರಾಣಿಕ ನಾಟಕದ ಹುಚ್ಚು ಎಷ್ಟೆಂದು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಹಾಸನಾಂಬ ಕಲಾಕ್ಷೇತ್ರದಲ್ಲಿ ಕುರುಕ್ಷೇತ್ರ ಕಟ್ಟುವವರು ರೈತರು, ಲಾರಿ ಡ್ರೈವರುಗಳು, ಅಂಗಡಿಯವರು, ನಿವೃತ್ತ ನೌಕರರು. ತಿಂಗಳುಗಟ್ಟಲೆ ರಾತ್ರಿ ತಾಲೀಮು, ಹಾರ್ಮೋನಿಯಂ ಮೇಷ್ಟ್ರ ಬೈಗುಳ, ಕೊನೆಗೆ ಒಂದು ದಿನ ಬಣ್ಣ ಮತ್ತು ಕಿರೀಟ. ಚೇತರಿಕೆಗೆ ಬೇಕಾದ್ದೆಲ್ಲ ಇದರೊಳಗೆ ಇದೆ: ನಿಗದಿಯಾದ ಹೊತ್ತು, ಕಾಯುವ ಜನ, ದಿನದಿಂದ ದಿನಕ್ಕೆ ಕಾಣುವ ಪ್ರಗತಿ, ಹೆಂಡತಿ ಮಕ್ಕಳ ಮುಂದೆ ಮತ್ತೆ ತಲೆಯೆತ್ತಿ ನಿಲ್ಲುವ ಒಂದು ರಾತ್ರಿ. ಊರಿನ ಮಂದಿ ವರ್ಷಗಳಿಂದ ಕುಡುಕ ಎಂದೇ ಕರೆದವನನ್ನು ನಾಟಕದ ಮರುದಿನ ಸಂತೆಯಲ್ಲಿ, ಏನ್ ವಿದುರಪ್ಪ, ಚೆನ್ನಾಗಿ ಮಾಡಿದೆ ಕಣಪ್ಪ, ಎಂದು ಮಾತಾಡಿಸುವುದನ್ನು ನಾನು ಕೇಳಿದ್ದೇನೆ. ಅವನು ವಿದುರನ ಪಾತ್ರವನ್ನೇ ಕೇಳಿ ಪಡೆದಿದ್ದ.

ಅದೇ ಪದ್ಧತಿಯೊಳಗೆ ಎರಡು ಮುಳ್ಳುಗಳಿವೆ, ಅವನ್ನು ಕೀಳದೆ ಇದನ್ನು ಚೇತರಿಕೆಯ ದಾರಿ ಎಂದು ಕರೆಯಲಾಗದು. ನಮ್ಮ ಕಡೆಯ ಹವ್ಯಾಸಿ ನಾಟಕಗಳಲ್ಲಿ ಪಾತ್ರ ಬೇಕೆಂದರೆ ಪಾತ್ರಧಾರಿಯೇ ದುಡ್ಡು ಕಟ್ಟಬೇಕು, ದುರ್ಯೋಧನನಂಥ ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಕೈಸಾಲ, ಸಂಘದ ಸಾಲ ತೀರಿಸುತ್ತಿರುವವನು ಅದನ್ನು ಎಲ್ಲಿಂದ ತಂದಾನು? ಇನ್ನೊಂದು ಮುಳ್ಳು ಅದಕ್ಕಿಂತ ಆಳದ್ದು. ತಾಲೀಮು ಮುಗಿದ ಮೇಲೆ ಪಾರ್ಟಿ, ಬಣ್ಣ ಹಚ್ಚುವ ಮುಂಚೆ ಧೈರ್ಯಕ್ಕೆಂದು ಒಂದು ಕ್ವಾರ್ಟರ್, ಇವು ಎಷ್ಟೋ ತಂಡಗಳಲ್ಲಿ ನಡೆದುಬಂದ ರೂಢಿ. ಅದಕ್ಕಿಂತಲೂ ನೋವಿನದು ತಮಟೆ ಬಾರಿಸುವವರ ಪಾಡು. ಹಬ್ಬಕ್ಕೆ, ಮೆರವಣಿಗೆಗೆ, ಸಾವಿಗೆ ಅವರನ್ನು ಕರೆದು ಕೂಲಿಯ ಒಂದು ಭಾಗವನ್ನು ಹೆಂಡದಲ್ಲಿ ತೀರಿಸುವುದನ್ನು ನಮ್ಮ ಹಳ್ಳಿಗಳು ತಲೆಮಾರುಗಳಿಂದ ಮಾಡಿಕೊಂಡು ಬಂದಿವೆ. ಒಬ್ಬ ಕಲಾವಿದನ ದುಡಿಮೆಯ ಬೆಲೆಯನ್ನು ಅವನ ಆರೋಗ್ಯ ಕೆಡಿಸುವ ವಸ್ತುವಿನಲ್ಲಿ ಕೊಟ್ಟು, ಆಮೇಲೆ ಆ ಕೇರಿಯವರಿಗೆ ಕುಡಿತ ಜಾಸ್ತಿ ಎಂದು ಆಡಿಕೊಳ್ಳುವುದು ಅನ್ಯಾಯ. ಕಲೆಯ ಮೂಲಕ ವ್ಯಸನ ತಡೆಯುವ ಕೆಲಸ ನಮ್ಮ ಜಿಲ್ಲೆಯಲ್ಲಿ ಶುರುವಾಗಬೇಕಾದದ್ದು ತಮಟೆಯವರಿಗೆ ಪೂರ್ತಿ ಕೂಲಿಯನ್ನು ದುಡ್ಡಿನಲ್ಲೇ, ಮರ್ಯಾದೆಯಿಂದ, ಹಗಲಿನಲ್ಲೇ ಎಣಿಸಿಕೊಡುವುದರಿಂದ ಎಂದು ನಾನು ದೃಢವಾಗಿ ನಂಬಿದ್ದೇನೆ.

ನಮ್ಮ ತಾಲೀಮಿನಲ್ಲಿ ಪಾತ್ರಕ್ಕೆ ದುಡ್ಡಿಲ್ಲ. ಸೀನರಿ, ಡ್ರೆಸ್ಸಿನ ಖರ್ಚನ್ನು ಊರಿನವರ ವಂತಿಗೆಯಿಂದ ತೂಗಿಸುತ್ತೇವೆ. ಕುಡಿದು ಒಳಗೆ ಬರುವಂತಿಲ್ಲ ಎಂಬ ನಿಯಮ ಮೇಷ್ಟ್ರಿಗೂ ಢೋಲಕ್‌ನವರಿಗೂ ಸಮನಾಗಿ ಅನ್ವಯಿಸುತ್ತದೆ. ಬಟವಾಡೆಯ ದಿನ ಅತಿ ಅಪಾಯದ ದಿನವಾದ್ದರಿಂದ ಆ ಸಂಜೆ ತಾಲೀಮನ್ನು ಎಂದೂ ತಪ್ಪಿಸುವುದಿಲ್ಲ. ಕೈಗೆ ಬಂದ ದುಡ್ಡನ್ನು ಹೆಂಡತಿಯ ಕೈಗೋ ಅಮ್ಮನ ಕೈಗೋ ಕೊಟ್ಟು ನೇರ ಇಲ್ಲಿಗೇ ಬರುವುದನ್ನು ಹಲವರು ರೂಢಿ ಮಾಡಿಕೊಂಡಿದ್ದಾರೆ.

ಮಲೆನಾಡಿನ ವರ್ಷವೂ ಇದಕ್ಕೆ ಒಗ್ಗುತ್ತದೆ. ಮಳೆಗಾಲದ ಸಂಜೆಗಳು ದೀರ್ಘ, ಚಳಿ, ಕುಡಿತಕ್ಕೆ ನೆಪಗಳೂ ಹೆಚ್ಚು. ಕೊಪ್ಪ, ಶೃಂಗೇರಿಯ ಕಡೆ ಆ ಕಾಲಕ್ಕೇ ತಾಳಮದ್ದಳೆ ಇದೆ. ಅದಕ್ಕೆ ವೇಷ ಬೇಡ, ರಂಗ ಬೇಡ, ಕುಣಿಯುವ ಶಕ್ತಿ ಬೇಡ. ಭಾಗವತರು ಪದ ಹೇಳಿದರೆ ಅರ್ಥಧಾರಿ ಕೂತಲ್ಲೇ ಮಾತು ಕಟ್ಟುತ್ತಾನೆ. ಅಲ್ಲಿ ಬೇಕಾದದ್ದು ಎಚ್ಚರವಾದ ತಲೆ. ಎದುರಿನವನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಕೋಪಕ್ಕೆ ತುತ್ತಾಗದೆ, ಪಾತ್ರದ ನ್ಯಾಯವನ್ನು ಮಂಡಿಸಬೇಕಾಗುತ್ತದೆ. ಮನೆಯಲ್ಲಿ ಜಗಳವಾದ ಕೂಡಲೇ ಅಂಗಡಿಯ ಕಡೆ ನಡೆಯುತ್ತಿದ್ದವನಿಗೆ ಈ ಅಭ್ಯಾಸದಿಂದ ಎಂಥ ಲಾಭವೆಂದು ಬಿಡಿಸಿ ಹೇಳಬೇಕಿಲ್ಲ. ಕಡೂರು, ತರೀಕೆರೆಯ ಕಡೆಗೆ ವೀರಗಾಸೆ ಇದೆ. ಅದರ ಕುಣಿತಕ್ಕೆ ಉಸಿರು ಬೇಕು, ಒಡಪು ಹೇಳಲು ಗಂಟಲು ಬೇಕು, ಹರೆಯದವರನ್ನು ಸೆಳೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ದೀಪಾವಳಿಗೆ ದೀಪ ಹಿಡಿದು ಮನೆಮನೆಗೆ ಹಾಡುತ್ತ ಹೋಗುವ ಅಂಟಿಗೆ-ಪಂಟಿಗೆ, ಕೊಯ್ಲು ಮುಗಿದ ಮೇಲೆ ನಾಟಕ. ಕೊಯ್ಲಿನ ತಿಂಗಳುಗಳಲ್ಲಿ ಅರ್ಧ ಗಂಟೆ ಭಜನೆ ಮಾಡಿ ಬಿಟ್ಟರೂ ಸಾಕು. ಭಜನೆಯಲ್ಲಿ ನಾವು ಹೆಂಡದ ಮಾರಯ್ಯನ ವಚನಗಳನ್ನೂ ಹಾಡುತ್ತೇವೆ. 12ನೆಯ ಶತಮಾನದಲ್ಲಿ ಹೆಂಡ ಮಾರುವ ಕಾಯಕದಲ್ಲಿದ್ದುಕೊಂಡೇ ಕುಡಿಯಲು ಬಂದವರಿಗೆ ತಿಳಿವಳಿಕೆ ಹೇಳುತ್ತಿದ್ದನೆಂದು ಶರಣ ಪರಂಪರೆ ನೆನೆಯುವ ಆತನ ಹೆಸರು ಕೇಳಿದಾಗ ನಮ್ಮವರ ಮುಖ ಅರಳುತ್ತದೆ. ಆತ ಅವರ ಜಗತ್ತನ್ನು ಒಳಗಿನಿಂದ ಬಲ್ಲವನು.

ಕುಡಿತವನ್ನೇ ವಿಷಯವಾಗಿಟ್ಟುಕೊಂಡ ಅಭಿನಯ ಉಪಯೋಗಕ್ಕೆ ಬರುವ ಸಂದರ್ಭ ಒಂದಿದೆ, ಅದರಲ್ಲಿ ಹೊರಗಿನ ಪ್ರೇಕ್ಷಕರಿರಬಾರದು. ಬ್ರೆಜಿಲ್‌ನ ಆಗಸ್ಟೊ ಬೋವಾಲ್ ರೂಪಿಸಿದ ರಂಗಪದ್ಧತಿಯಲ್ಲಿ ಕಷ್ಟದ ಒಂದು ಸನ್ನಿವೇಶವನ್ನು ಆಡಿ ತೋರಿಸುತ್ತಾರೆ. ನೋಡುತ್ತಿದ್ದವರಲ್ಲಿ ಯಾರು ಬೇಕಾದರೂ ನಾಟಕ ನಿಲ್ಲಿಸಿ, ಪಾತ್ರಧಾರಿಯ ಜಾಗಕ್ಕೆ ಬಂದು, ತಾನಾಗಿದ್ದರೆ ಏನು ಮಾಡುತ್ತಿದ್ದೆನೆಂದು ಆಡಿ ತೋರಿಸಬಹುದು. ನಾವು ಆಡುವುದು ಬೀಗರೂಟದ ದೃಶ್ಯ. ಮರಳಿ ಕುಡಿತಕ್ಕೆ ಬಿದ್ದವರನ್ನು ಕೇಳಿದರೆ ಬೀಗರೂಟ, ತಿಥಿ, ಊರಹಬ್ಬ, ಈ ಮೂರರಲ್ಲಿ ಒಂದರ ಹೆಸರು ಬಂದೇ ಬರುತ್ತದೆ. ಒಬ್ಬ ಭಾಮೈದನಾಗುತ್ತಾನೆ: ಭಾವ, ಇವತ್ತೊಂದು ದಿನ, ನಮ್ಮ ಮನೆ ಊಟಕ್ಕೆ ಬಂದು ಬರೀ ಬಾಯಲ್ಲಿ ಹೋಗ್ತೀರಾ, ನನ್ನ ಮೇಲಾಣೆ! ಇನ್ನೊಬ್ಬ ಉತ್ತರ ಕೊಡಬೇಕು. ವೈದ್ಯರು ಬೇಡವೆಂದಿದ್ದಾರೆ ಎಂದರೆ ಭಾಮೈದ ಕೇಳುವುದಿಲ್ಲ. ಸಿಟ್ಟು ಮಾಡಿದರೆ ಸಂಬಂಧ ಕೆಡುತ್ತದೆ. ಸುಮ್ಮನಿದ್ದರೆ ಗ್ಲಾಸು ಕೈಗೆ ಬರುತ್ತದೆ. ಒಬ್ಬರಾದ ಮೇಲೊಬ್ಬರು ಎದ್ದು ಬೇರೆ ಬೇರೆ ಉತ್ತರ ಆಡಿ ನೋಡುತ್ತಾರೆ. ಹಿರಿಯರೊಬ್ಬರು ಎಲೆಯ ಮುಂದೆ ಕೂತು, ಮಾರಾಯ, ನಂಗೆ ಊಟ ಬಡಿಸು, ಮೂಳೆ ಚೆನ್ನಾಗಿರೋದು ನೋಡಿ ಹಾಕು, ಎಂದು ಮಾತನ್ನು ಊಟದ ಕಡೆಗೇ ತಿರುಗಿಸಿ ಭಾಮೈದನ ಕೈಗೆ ಬಡಿಸುವ ಕೆಲಸ ಕೊಟ್ಟರು. ಅದನ್ನು ಅನೇಕರು ನಿಜವಾದ ಬೀಗರೂಟಗಳಲ್ಲಿ ಬಳಸಿಕೊಂಡಿದ್ದಾರೆ. ಮೊದಲೇ ಬಾಯಿಗೆ ರೂಢಿಯಾದ ಮಾತು ಆ ಗಳಿಗೆಯಲ್ಲಿ ತಾನಾಗಿ ಬರುತ್ತದೆ.

ತಡೆಯ ಮಾತಿಗೆ ಬಂದರೆ, ಜೂನ್ 26ರ ಮಾದಕ ವಸ್ತು ವಿರೋಧಿ ದಿನಕ್ಕೆ ನಮ್ಮ ಶಾಲೆಗಳಲ್ಲಿ ಆಗುವುದು ಜಾಥಾ, ಭಾಷಣ, ಚಿತ್ರಕಲಾ ಸ್ಪರ್ಧೆ. ಮಕ್ಕಳು ತಲೆಬುರುಡೆ, ಸಿಗರೇಟು, ಹಾವು ಸುತ್ತಿದ ಬಾಟಲಿ ಬರೆದು ಬಹುಮಾನ ಪಡೆಯುತ್ತಾರೆ. ಮೇಷ್ಟ್ರಾಗಿ ನಾನೂ ಅಂಥ ಸ್ಪರ್ಧೆಗಳಿಗೆ ತೀರ್ಪುಗಾರನಾಗಿದ್ದವನು. ಹೆದರಿಸುವುದರಿಂದ, ಬರೀ ಮಾಹಿತಿ ಕೊಡುವುದರಿಂದ, ಹಿಂದೆ ವ್ಯಸನಿಯಾಗಿದ್ದವರನ್ನು ಕರೆತಂದು ಮಕ್ಕಳ ಮುಂದೆ ಕಥೆ ಹೇಳಿಸುವುದರಿಂದ ಮಾದಕ ವಸ್ತುಗಳ ಬಳಕೆ ತಗ್ಗುವುದಿಲ್ಲ ಎಂದು ವಿಶ್ವಸಂಸ್ಥೆಯ ಮಾದಕ ವಸ್ತು ಹಾಗೂ ಅಪರಾಧ ಕಚೇರಿಯು ತನ್ನ ತಡೆ ಮಾನದಂಡಗಳಲ್ಲಿ ಹೇಳಿದೆ. ಐಸ್‌ಲ್ಯಾಂಡಿನವರು ಹಿಡಿದ ದಾರಿ ಬೇರೆ. 1998ರಲ್ಲಿ ಅಲ್ಲಿನ 15–16 ವಯಸ್ಸಿನ ಮಕ್ಕಳಲ್ಲಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದವರು ನೂರಕ್ಕೆ 42. 2016ರ ಹೊತ್ತಿಗೆ ಅದು 5ಕ್ಕೆ ಇಳಿಯಿತು. ಸಂಜೆಯ ಹೊತ್ತಿಗೆ ಸಂಗೀತ, ನೃತ್ಯ, ಆಟ ಕಲಿಯಲು ಸರ್ಕಾರದಿಂದ ಹಣ ಸಿಕ್ಕಿತು, ತಂದೆತಾಯಿಗಳು ಮಕ್ಕಳ ಜೊತೆ ಹೆಚ್ಚು ಹೊತ್ತು ಕಳೆಯುವ ಒಪ್ಪಂದಕ್ಕೆ ಬಂದರು, ರಾತ್ರಿ ಹೊರಗೆ ಸುತ್ತುವುದಕ್ಕೆ ಮಿತಿ ಬಂತು, ಮಾರಾಟದ ಕಾನೂನು ಬಿಗಿಯಾಯಿತು. ಇದರಲ್ಲಿ ಸಂಗೀತದ ಪಾಲೆಷ್ಟು, ಕಾನೂನಿನ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು, ಎಲ್ಲವೂ ಕೂಡಿಯೇ ಕೆಲಸ ಮಾಡಿದವು. ಅಷ್ಟು ಹಣ ನಮ್ಮ ಪಂಚಾಯಿತಿಗಳಲ್ಲಿಲ್ಲ, ನಿಜ. ಆದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳೆಂಬ ಗ್ರಂಥಾಲಯಗಳಿವೆ, ಸಂಜೆ ಬೀಗ ಹಾಕಿದ ಶಾಲೆಗಳಿವೆ, ಕಲಿಸಲು ಶಿಷ್ಯರೇ ಸಿಗದೆ ಕೂತಿರುವ ಕೋಲಾಟದ, ಡೊಳ್ಳಿನ, ಮೂಡಲಪಾಯ ಯಕ್ಷಗಾನದ ಹಿರಿಯರಿದ್ದಾರೆ. ಒಂದು ದಿನದ ಜಾಥಾಕ್ಕೆ ಖರ್ಚಾಗುವ ಹಣವನ್ನು ಅಂಥ ಒಬ್ಬ ಹಿರಿಯರಿಗೆ ತಿಂಗಳ ಗೌರವಧನವಾಗಿ ಕೊಟ್ಟರೆ ಹೆಚ್ಚು ಮಕ್ಕಳಿಗೆ ಉಪಯೋಗವಾಗುತ್ತದೆ.

ಹೆಂಗಸರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ನಮ್ಮಲ್ಲಿ ಕೋಲಾಟ ಮತ್ತು ಸೋಬಾನೆಯ ಗುಂಪು ಶುರುವಾದಾಗ ಗಂಡ ಕುಡಿತ ಬಿಟ್ಟವರನ್ನು ಮಾತ್ರ ಸೇರಿಸಿಕೊಳ್ಳೋಣ ಎಂಬ ಸಲಹೆ ಬಂದಿತ್ತು. ಆಶಾ ಕಾರ್ಯಕರ್ತೆಯೊಬ್ಬರು ಅದನ್ನು ಒಪ್ಪಲಿಲ್ಲ. ಗಂಡ ಇನ್ನೂ ಕುಡಿಯುತ್ತಿರುವವಳಿಗೇ ಅಲ್ಲವೇ ಸರ್ ಸಂಜೆ ಹೊರಗೆ ಬಂದು ಕೂರುವ ಜಾಗ ಬೇಕಿರುವುದು, ಎಂದು ಅವರು ಕೇಳಿದ ಮೇಲೆ ಯಾರೂ ಎದುರು ಮಾತಾಡಲಿಲ್ಲ. ಈಗ ಆ ಗುಂಪಿಗೂ ಗಂಡಸರ ತಾಲೀಮಿಗೂ ಸಂಬಂಧವಿಲ್ಲ. ಗಂಡ ಬಿಡಲಿ, ಬಿಡದಿರಲಿ, ಮತ್ತೆ ಹಿಡಿಯಲಿ, ಅವಳ ಕೋಲು ಅವಳದೇ. ಲೈನುಗಳಲ್ಲಿ ತಾವೇ ಕುಡಿತಕ್ಕೆ ಸಿಕ್ಕಿಕೊಂಡ ಹೆಂಗಸರೂ ಇದ್ದಾರೆ. ಗಂಡಸಿಗಿಂತ ಹೆಚ್ಚಿನ ನಿಂದೆಗೆ ಅಂಜಿ ಅವರು ಯಾರಿಗೂ ಹೇಳಿಕೊಳ್ಳುವುದಿಲ್ಲ. ಹಾಡಿನ ನಡುವೆ, ಪಕ್ಕದವಳ ಕಿವಿಯಲ್ಲಿ, ಮೊದಲ ಬಾರಿಗೆ ಹೇಳಿಕೊಳ್ಳುತ್ತಾರೆ. ಈಚೆಗೆ ಅಸ್ಸಾಂ ಮತ್ತು ಉತ್ತರದ ರಾಜ್ಯಗಳಿಂದ ಬಂದ ಕೂಲಿಕಾರರ ಸಂಸಾರಗಳೂ ತೋಟಗಳಲ್ಲಿ ಹೆಚ್ಚಾಗಿವೆ. ನಮ್ಮ ನಾಟಕ ಅವರಿಗೆ ಅರ್ಥವಾಗುವುದಿಲ್ಲ, ಆದರೆ ಅವರೇ ಹಾಡಿಕೊಳ್ಳಲು ಜಾಗ ಕೊಟ್ಟರೆ ಬರುತ್ತಾರೆ.

ಸನ್ಮಾನದ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ಕುಡಿತ ಬಿಟ್ಟವರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆದು ಪತ್ರಿಕೆಗೂ ವಾಟ್ಸಾಪ್‌ಗೂ ಹಂಚುವುದನ್ನು ನಿಲ್ಲಿಸಬೇಕು. ಕರೆಯುವವರ ಉದ್ದೇಶ ಒಳ್ಳೆಯದೇ. ಆದರೆ ಮರುಕಳಿಸುವುದು ಈ ಕಾಯಿಲೆಯ ಸ್ವಭಾವ, ಹಾರ ಹಾಕಿಸಿಕೊಂಡವನು ಮುಂದೊಂದು ದಿನ ಜಾರಿದರೆ ಊರಿಗೆ ಮುಖ ತೋರಿಸಲಾಗದೆ ಸಹಾಯ ಸಿಗುವ ಜಾಗದಿಂದಲೂ ದೂರವಾಗುತ್ತಾನೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಹೆಸರು ಹೇಳದಿರುವುದನ್ನೇ ತನ್ನ ಕಟ್ಟುಪಾಡು ಮಾಡಿಕೊಂಡಿದ್ದರ ಹಿಂದೆ ಇಂಥ ತಿಳಿವಳಿಕೆಯೂ ಇದೆ. ನಾಟಕದ ಕರಪತ್ರದಲ್ಲಿ ನಾವು ಪಾತ್ರಧಾರಿಗಳ ಹೆಸರು ಹಾಕುತ್ತೇವೆ, ಅವರಲ್ಲಿ ಯಾರು ಯಾವ ಹಾದಿಯಿಂದ ಬಂದವರೆಂದು ಬರೆಯುವುದಿಲ್ಲ. ಎಂದೂ ಕುಡಿಯದವರೂ ತಂಡದಲ್ಲಿ ಇರುವುದರಿಂದ ಹೊರಗಿನವರಿಗೆ ಅದು ತಿಳಿಯುವುದೂ ಇಲ್ಲ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಿಂದ ಬಂದವರಿಗೆ ನವಜೀವನ ಸಮಿತಿಗಳಿವೆ, ಶಿಬಿರದ ನಂತರವೂ ಜೊತೆ ಬಿಡಬಾರದೆಂಬ ತಿಳಿವಳಿಕೆ ಅಲ್ಲಿಯೂ ಇದೆ. ಎಲ್ಲ ಕಡೆಯೂ ಬಗೆಹರಿಯದೆ ಉಳಿಯುವ ಪ್ರಶ್ನೆ, ಮತ್ತೆ ಕುಡಿದು ಬಂದವನನ್ನು ಏನು ಮಾಡಬೇಕು ಎಂಬುದು. ನಾಟಕಕ್ಕೆ ಮೂರು ವಾರವಿದ್ದಾಗ ನಮ್ಮ ಮುಖ್ಯ ಪಾತ್ರಧಾರಿಯೊಬ್ಬರು ಬರುವುದನ್ನು ನಿಲ್ಲಿಸಿದರು. ಪಾತ್ರವನ್ನು ಬೇರೆಯವರಿಗೆ ಕೊಡದಿದ್ದರೆ ನಾಟಕ ಕೆಡುತ್ತದೆ ಎಂದು ಮೇಷ್ಟ್ರು, ಕೊಟ್ಟರೆ ಮನುಷ್ಯನೇ ಕೆಡುತ್ತಾನೆ ಎಂದು ಉಳಿದವರು, ಎರಡೂ ಮಾತಿನಲ್ಲಿ ಸತ್ಯವಿತ್ತು. ಬಹಳ ಚರ್ಚೆಯಾಗಿ ಅಂದು ಮಾಡಿಕೊಂಡ ಏರ್ಪಾಡು ಇವತ್ತಿಗೂ ನಡೆದಿದೆ. ಪ್ರತಿ ಪಾತ್ರವನ್ನೂ ಮೊದಲಿನಿಂದಲೇ ಇಬ್ಬರು ಕಲಿಯುತ್ತಾರೆ. ಕುಡಿದ ದಿನ ಒಳಗೆ ಪ್ರವೇಶವಿಲ್ಲ, ಪಟ್ಟಿಯಿಂದ ಹೆಸರನ್ನು ಮಾತ್ರ ತೆಗೆಯುವುದಿಲ್ಲ. ಅದೇ ಪಾತ್ರ ಕಲಿಯುತ್ತಿರುವ ಜೊತೆಗಾರ ಮರುದಿನ ಬೆಳಿಗ್ಗೆ, ಕೆಲಸಕ್ಕೆ ಹೋಗುವ ಮುಂಚೆ, ಅವನ ಮನೆಗೆ ಹೋಗಿ ಬರುತ್ತಾನೆ; ನಡುಕವೋ ಫಿಟ್ಸೋ ಕಂಡರೆ ಆಸ್ಪತ್ರೆಗೆ ಕರೆದೊಯ್ಯುತ್ತಾನೆ, ಇಲ್ಲವಾದರೆ ಸಂಜೆ ತಾಲೀಮಿಗೆ ಹೊರಡುವಾಗ ಮತ್ತೆ ಹೋಗಿ ಕರೆಯುತ್ತಾನೆ.